ವಿಳಾಸ ಮರೆತ ವರ್ಕ್‌ಸ್ಟೇಷನ್

ಗುಜರಿ ಅಂಗಡಿಯಿಂದ ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 20 ಹೊತ್ತು ತಂದಿರುವ ಓದುಗರೊಬ್ಬರ ಪ್ರಶ್ನೆ: ‘ಆನ್ ಮಾಡಿದರೆ ಐಡಿಪ್ರಾಮ್ ಸರಿಯಿಲ್ಲ ಎನ್ನುತ್ತದೆ. ಕೈಪಿಡಿ ಇಲ್ಲ. ಮದರ್‌ಬೋರ್ಡ್ ಹೋಗಿದೆಯೇ?’

ಬಹುಶಃ ಹೋಗಿರುವುದು ಬ್ಯಾಟರಿ, ಅಷ್ಟೇ. 1994ರ ಈ ಯಂತ್ರದಲ್ಲಿ ಎಂ48ಟಿ08 ಎಂಬ ಚಿಪ್ ಇದೆ. ಗಡಿಯಾರ, 8 ಕಿಲೋಬೈಟ್ ಮೆಮೊರಿ, ಪುಟ್ಟ ಲಿಥಿಯಂ ಬ್ಯಾಟರಿ ಮೂರನ್ನೂ ಸೇರಿಸಿ ಎಪಾಕ್ಸಿ ಸುರಿದು ಮುಚ್ಚಿದ್ದಾರೆ. ಬ್ಯಾಟರಿಯ ಆಯಸ್ಸು ಹತ್ತು ವರ್ಷದ ಆಸುಪಾಸು; ಬದಲಿಸಲು ಮುಚ್ಚಳವೇ ಇಲ್ಲ. ಮೂವತ್ತು ವರ್ಷ ಯಾರೂ ಇದನ್ನು ಇಟ್ಟುಕೊಳ್ಳುವುದಿಲ್ಲ ಎಂಬ ಲೆಕ್ಕ ಇದ್ದಿರಬೇಕು.

ಯಂತ್ರದ ಈಥರ್‌ನೆಟ್ ವಿಳಾಸವೂ ಹೋಸ್ಟ್‌ಐಡಿ ಎಂಬ ಗುರುತಿನ ಸಂಖ್ಯೆಯೂ ಇದೇ ಚಿಪ್‌ನಲ್ಲಿವೆ; ಅವನ್ನು ಇಟ್ಟುಕೊಂಡ ಭಾಗವೇ ಐಡಿಪ್ರಾಮ್. ಪಿಸಿಗಳಲ್ಲಿ ವಿಳಾಸ ನೆಟ್‌ವರ್ಕ್ ಕಾರ್ಡಿನದು, ಸನ್‌ನಲ್ಲಿ ಯಂತ್ರದ್ದು. ಬೋರ್ಡ್ ಸುಟ್ಟರೆ ಚಿಪ್ ಕಿತ್ತು ಹೊಸ ಬೋರ್ಡಿಗೆ ಕೂರಿಸಿದರಾಯಿತು, ಹೋಸ್ಟ್‌ಐಡಿಗೆ ಕಟ್ಟಿದ ಸಾಫ್ಟ್‌ವೇರ್ ಲೈಸೆನ್ಸ್ ನಡೆಯುತ್ತಲೇ ಇರುತ್ತಿತ್ತು. ಜಾಣ ಏರ್ಪಾಡು. ಆದರೆ ಬ್ಯಾಟರಿ ಸತ್ತ ದಿನ ವಿಳಾಸದ ಆರೂ ಬೈಟ್‌ಗಳು ಎಫ್‌ಎಫ್ ಆಗಿಬಿಡುತ್ತವೆ. ಈಥರ್‌ನೆಟ್‌ನಲ್ಲಿ ಅದು ಒಬ್ಬರ ವಿಳಾಸವಲ್ಲ, ಎಲ್ಲರನ್ನೂ ಒಟ್ಟಿಗೆ ಕರೆಯುವ ವಿಳಾಸ. ಮನೆ ಬಾಗಿಲಿಗೆ ‘ಇಡೀ ಊರು’ ಎಂದು ಬೋರ್ಡ್ ತೂಗುಹಾಕಿದರೆ ಅಂಚೆಯವರು ಏನು ಮಾಡಬೇಕು?

ಕೈಪಿಡಿಯ ಚಿಂತೆ ಬೇಡ. ಅದರ ಬಹುಪಾಲು ಯಂತ್ರದೊಳಗೇ ಇದೆ. ಸನ್ ಕೀಬೋರ್ಡಿನಲ್ಲಿ ಸ್ಟಾಪ್ ಮತ್ತು ‘ಎ’ ಒಟ್ಟಿಗೆ ಒತ್ತಿದರೆ ‘ಓಕೆ’ ಎಂದು ಬಂದು ನಿಲ್ಲುತ್ತದೆ. ಕೀಬೋರ್ಡ್ ಸಿಗದಿದ್ದರೂ ಸರಿ: ಅದಿಲ್ಲದೆ ಆನ್ ಮಾಡಿದರೆ ಯಂತ್ರ ತಾನಾಗಿ ಸೀರಿಯಲ್ ಪೋರ್ಟ್‌ಗೆ ಮಾತು ತಿರುಗಿಸುತ್ತದೆ, ವೇಗ 9600. ಈ ‘ಓಕೆ’ಯ ಹಿಂದಿರುವುದು ಓಪನ್‌ಬೂಟ್. ಸನ್‌ನ ಮಿಚ್ ಬ್ರಾಡ್ಲಿ ಇದನ್ನು ಫೋರ್ತ್ ಭಾಷೆಯಲ್ಲಿ ಕಟ್ಟಿದರು; ಮೊದಲು ಬಂದದ್ದು 1989ರ ಸ್ಪಾರ್ಕ್‌ಸ್ಟೇಷನ್ 1ರಲ್ಲಿ. ಫೋರ್ತ್‌ನ ಜನಕ ಚಾರ್ಲ್ಸ್ ಮೂರ್, 1970ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ರೇಡಿಯೋ ಖಗೋಳ ವೀಕ್ಷಣಾಲಯದ ದೂರದರ್ಶಕ ನಡೆಸಲು ಅದನ್ನು ಬಳಸಿದವರು. ಅದರಲ್ಲಿ ಕ್ರಿಯೆ ಕೊನೆಗೆ: ಎರಡು, ಮೂರು, ಕೂಡಿಸು. ಇಂಗ್ಲಿಷರು ಇದಕ್ಕೆ ತಲೆ ಕೆರೆದುಕೊಳ್ಳುತ್ತಾರೆ, ನಮಗೇನು ಹೊಸದಲ್ಲ.

‘ವರ್ಡ್ಸ್’ ಎಂದರೆ ತನಗೆ ಗೊತ್ತಿರುವ ಆಜ್ಞೆಗಳನ್ನೆಲ್ಲ ಸಾಲಾಗಿ ಉದುರಿಸುತ್ತದೆ. ‘ಪ್ರೋಬ್-ಸ್ಕಸಿ’ ಎಂದರೆ ಯಾವ ಡಿಸ್ಕ್ ಎಲ್ಲಿದೆ ಹೇಳುತ್ತದೆ. ‘ಸೀ’ ಎಂದು ಬರೆದು ಯಾವುದೇ ಆಜ್ಞೆಯ ಹೆಸರು ಕೊಟ್ಟರೆ ಅದರ ಒಳಗೇನಿದೆ ಎಂದು ಬಿಚ್ಚಿ ತೋರಿಸುತ್ತದೆ. ಇಂದಿನ ಯಾವ ಲ್ಯಾಪ್‌ಟಾಪ್ ಇಷ್ಟು ಬಾಯಿ ಬಿಡುತ್ತದೆ? ‘ಸ್ಮಾರ್ಟ್’ ಎಂಬ ಪದವನ್ನು ಜಾಹೀರಾತಿನವರು ಸವೆಸುವ ಮುನ್ನವೇ ಇದಿತ್ತು.

ವಿಳಾಸ ಮರಳಿಸಲು ‘ಎಂಕೆಪಿ’ ಎಂಬ ಆಜ್ಞೆ, ಒಂದೊಂದೇ ಬೈಟ್ ಬರೆಯಬೇಕು. ಮೊದಲು 01, ಬಳಿಕ ಮಾದರಿಯ ಸಂಖ್ಯೆ (ಸ್ಪಾರ್ಕ್‌ಸ್ಟೇಷನ್ 20ಕ್ಕೆ 72), ಆಮೇಲೆ ಸನ್‌ಗೆ ಮೀಸಲಾದ 08, 00, 20, ಮುಂದೆ ನಿಮ್ಮ ಯಂತ್ರದ ಮೂರು ಬೈಟ್. ನಾಲ್ಕು ಬೈಟ್ ತಯಾರಿಕೆಯ ದಿನಾಂಕ, ಮೂರು ಹೋಸ್ಟ್‌ಐಡಿ. ಹದಿನಾರನೆಯದು ತಾಳೆಯ ಬೈಟ್: ಹಿಂದಿನ ಹದಿನೈದನ್ನೂ ಎಕ್ಸ್‌ಓಆರ್ ಮಾಡಿದ ಫಲ. ಅದೊಂದು ತಪ್ಪಿದರೆ ಮತ್ತೆ ಅದೇ ದೂರು. ಹಳೆಯ ಮೂರು ಬೈಟ್ ಎಲ್ಲಿ ಸಿಗುತ್ತದೆ? ಚಿಪ್ ಬೆನ್ನಿನ ಬಾರ್‌ಕೋಡ್ ಚೀಟಿ ಉಳಿದಿದ್ದರೆ ಅದರಲ್ಲೇ ಇರುತ್ತದೆ. ಕೀಳುವ ಮುನ್ನ ಫೋಟೋ ತೆಗೆದಿಡಿ.

ಇಷ್ಟು ಮಾಡಿದರೂ ಪ್ಲಗ್ ಕಿತ್ತೊಡನೆ ಮತ್ತೆ ಮರೆವು. ಶಾಶ್ವತ ಪರಿಹಾರಕ್ಕೆ ಎಪಾಕ್ಸಿಯ ಪಕ್ಕ ಉಜ್ಜಿ, ಸತ್ತ ಬ್ಯಾಟರಿಯ ತಂತಿ ಕತ್ತರಿಸಿ, ಸಿಆರ್2032 ನಾಣ್ಯದಾಕಾರದ ಸೆಲ್ ಕೂರಿಸುವ ಹೋಲ್ಡರ್ ಬೆಸೆಯಬೇಕು. ‘ಪ್ಯಾಕ್ ಒಡೆಯದ ಹಳೆ ಸ್ಟಾಕ್’ ಎಂದು ದುಬಾರಿ ಬೆಲೆಗೆ ಮಾರುವ ಚಿಪ್ ಕೊಳ್ಳಬೇಡಿ. ಗೋದಾಮಿನಲ್ಲಿ ಕೂತಿದ್ದ ಅದರ ಬ್ಯಾಟರಿಗೂ ವಯಸ್ಸಾಗಿದೆ. ರ‍್ಯಾಮ್ ಹೆಚ್ಚಿಸುವ ಆಸೆ ಇದ್ದರೂ ಎಚ್ಚರ: ಇದರ 200 ಪಿನ್ನಿನ ಕಡ್ಡಿಗಳ ಜಾಗದಲ್ಲಿ ಪಿಸಿಯ ರ‍್ಯಾಮ್ ಕೂರುವುದಿಲ್ಲ. 64 ಎಂಬಿಯ ಎಂಟು ಕಡ್ಡಿ ಸಿಕ್ಕರೆ 512 ಎಂಬಿ. ಅದಕ್ಕಿಂತ ಮುಂದೆ ದಾರಿಯಿಲ್ಲ.