ಶಕವರ್ಷ 556: ಒಂದು ವರ್ಷಕ್ಕೆ ಹಲವು ಹೆಸರು

ಭಟ್ಕಳದ ಪೇಟೆಯಲ್ಲಿ ಒಂದೇ ದಿನಕ್ಕೆ ಮೂರು ವರ್ಷಸಂಖ್ಯೆಗಳು ಸಲ್ಲುತ್ತವೆ. ನವಾಯತರ ರಂಜಾನ್ ಮತ್ತು ಈದ್‌ಗಳಿಗೆ ಹಿಜರಿ ವರ್ಷ, ಯುಗಾದಿಯಂದು ಓದುವ ಪಂಚಾಂಗಕ್ಕೆ ಶಾಲಿವಾಹನ ಶಕ, ಕಚೇರಿಯ ಕಾಗದಪತ್ರಗಳಿಗೆ ಕ್ರಿಸ್ತಶಕ. ಹೊನ್ನಾವರ ಕುಮಟೆಗಳಲ್ಲಿಯೂ ಇದೇ ಕ್ರಮ. ಇಂದು ಕ್ರಿ.ಶ. 634 ಎಂದು ಕರೆಯಲ್ಪಡುವ ವರ್ಷದಲ್ಲಿ ಈ ಮೂರು ಗಣನೆಗಳ ಸ್ಥಿತಿ ಹೇಗಿತ್ತೆಂದು ನೋಡಿದರೆ ಸೋಜಿಗವೆನಿಸುತ್ತದೆ. ಮೊದಲನೆಯದು ಇನ್ನೂ ರೂಢಿಗೆ ಬಂದಿರಲಿಲ್ಲ. ಮೂರನೆಯದು ಯುರೋಪಿನ ಕೆಲವೇ ಕ್ರೈಸ್ತ ಸಂನ್ಯಾಸಿಗಳಿಗೆ ತಿಳಿದಿತ್ತು. ನಡುವಣದು ಮಾತ್ರ ಕನ್ನಡನಾಡಿನ ಕಲ್ಲಿನ ಮೇಲೆ ಅಚ್ಚಳಿಯದಂತೆ ಮೂಡಿತು.

ಆ ಕಲ್ಲು ಇರುವುದು ಐಹೊಳೆಯ ಮೇಗುತಿ ಜಿನಾಲಯದಲ್ಲಿ. ಬಾದಾಮಿಯ ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯು ಜಿನಾಲಯವನ್ನು ಕಟ್ಟಿಸಿ, ಅದರ ಪ್ರಶಸ್ತಿಯನ್ನೂ ಸಂಸ್ಕೃತದಲ್ಲಿ ತಾನೇ ರಚಿಸಿದನು. ಕಾಲವನ್ನು ಆತನು ಎರಡು ಬಗೆಯಾಗಿ ಹೇಳಿದ್ದಾನೆ: ಭಾರತಯುದ್ಧದಿಂದ 3735 ವರ್ಷಗಳು, ಶಕರಾಜರ ಕಾಲದಿಂದ 556 ವರ್ಷಗಳು ಸಂದಿವೆ. 'ಸಂದಿವೆ' ಎಂಬುದರ ಮೇಲೆ ಇಲ್ಲಿ ದೃಷ್ಟಿಯಿರಬೇಕು. ಸಂದ ಶಕವರ್ಷಕ್ಕೆ 78ನ್ನು ಕೂಡಿಸಿದರೆ 634 ಬರುತ್ತದೆ. ನಡೆಯುತ್ತಿರುವ ವರ್ಷವೆಂದು ಎಣಿಸಿದರೆ 77ನ್ನೇ ಕೂಡಿಸಬೇಕಾಗುತ್ತದೆ. ಮೇಲಾಗಿ ಶಕವರ್ಷವು ಚೈತ್ರದಿಂದ ತೊಡಗುವುದರಿಂದ ಅದರ ಕಡೆಯ ದಿನಗಳು 635ಕ್ಕೆ ಸೇರುತ್ತವೆ. ಆದುದರಿಂದಲೇ ಎಚ್ಚರವುಳ್ಳ ವಿದ್ವಾಂಸರು 634-35 ಎಂದು ಬರೆಯುತ್ತಾರೆ. ಪಠ್ಯಪುಸ್ತಕಗಳು ಒಂದೇ ಅಂಕೆಯನ್ನು ಕೊಟ್ಟು ಮುಂದೆ ಸಾಗುವುದು ಮಕ್ಕಳಿಗೆ ಹಗುರವಾದೀತು, ಶಾಸನಕ್ಕೆ ನ್ಯಾಯವಾಗದು.

ಇಂಥ ನಿಖರತೆ ಅಂದು ಎಲ್ಲೆಡೆ ಇರಲಿಲ್ಲ. ಕರಾವಳಿಯಿಂದ ಘಟ್ಟವನ್ನೇರಿದರೆ ಸಿಗುವ ಬನವಾಸಿಯಲ್ಲಿ ಆಳಿದ ಕದಂಬರು ಬಹುಮಟ್ಟಿಗೆ ತಮ್ಮ ಆಳ್ವಿಕೆಯ ವರ್ಷವನ್ನಷ್ಟೇ ಹೇಳಿದರು. ಅವರ ಕಾಲನಿರ್ಣಯ ಇಂದಿಗೂ ವಾದಗ್ರಸ್ತ. ಚಾಲುಕ್ಯರಾದರೋ ಶಕ 465ರ, ಅಂದರೆ ಕ್ರಿ.ಶ. 543ರ, ಬಾದಾಮಿಯ ಬಂಡೆಶಾಸನದಿಂದಲೇ ಶಕವರ್ಷವನ್ನು ಬಳಸತೊಡಗಿದ್ದರು. ವರದಾನದಿ ಬಳಸಿ ಹರಿಯುವ ಬನವಾಸಿಯನ್ನು ಪುಲಕೇಶಿ ಮುತ್ತಿ ಗೆದ್ದುದು ರವಿಕೀರ್ತಿಯ ಪ್ರಶಸ್ತಿಯಲ್ಲಿದೆ. ಗಂಗರೂ ಆಳುಪರೂ ಅವನಿಗೆ ಬಾಗಿದರು. ಕೊಂಕಣದ ಮೌರ್ಯರು ಸೋತರು. ಪಶ್ಚಿಮ ಸಮುದ್ರದ ಪುರಿಯನ್ನು ಅವನ ಹಡಗುಗಳು ಮುತ್ತಿದವು. ಶರಾವತಿ ಅಘನಾಶಿನಿಗಳು ಕಡಲನ್ನು ಸೇರುವ ಈ ತೀರದ ಉತ್ತರಕ್ಕೂ ದಕ್ಷಿಣಕ್ಕೂ ಬೆನ್ನಿಗಿರುವ ಘಟ್ಟಕ್ಕೂ ಬಾದಾಮಿಯ ಕೈ ಚಾಚಿತ್ತೆಂಬುದು ಇದರಿಂದ ಸ್ಪಷ್ಟ.

ಪ್ರಶಸ್ತಿಯ ಕೊನೆಯಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರಿಗೆ ಸರಿದೊರೆಯೆಂದು ಹೇಳಿಕೊಂಡನು. ಆತ್ಮಪ್ರಶಂಸೆ ಕೊಂಚ ಹೆಚ್ಚಾಯಿತೆನ್ನಬಹುದು. ಆದರೆ ಕಾಳಿದಾಸನು ಆ ವರ್ಷಕ್ಕೆ ಹಿಂದಿನವನೆನ್ನಲು ಗಟ್ಟಿಯಾದ ಆಧಾರ ಅದರಿಂದಲೇ ಒದಗಿತು. ರಘುವಂಶದ ಎಂಟನೆಯ ಸರ್ಗದಲ್ಲಿ ನಾರದನು ದಕ್ಷಿಣ ಸಮುದ್ರತೀರದ ಗೋಕರ್ಣೇಶ್ವರನ ಸೇವೆಗೆ ಹೊರಟ ಪ್ರಸಂಗವಿದೆಯಷ್ಟೆ. ಕುಮಟೆ ತಾಲೂಕಿನ ಆ ಕ್ಷೇತ್ರದ ಕೀರ್ತಿಯೂ 634ಕ್ಕಿಂತ ಹಿಂದಿನದೆಂದು ಇದರಿಂದ ಸಿದ್ಧವಾಗುತ್ತದೆ. ಒಬ್ಬ ಕವಿಯ ಹೆಮ್ಮೆಯ ಮಾತು ಮತ್ತೊಂದು ಊರಿನ ಪ್ರಾಚೀನತೆಗೆ ಸಾಕ್ಷಿಯಾದ ಉದಾಹರಣೆಗಳು ವಿರಳ.

ಇದೇ ಕಡಲಿನ ಆಚೆಯ ದಡದಲ್ಲಿ ಅದೇ ವರ್ಷ ಲೋಕದ ಗತಿಯೇ ಬದಲಾಗುತ್ತಿತ್ತು. ಪ್ರವಾದಿ ಮುಹಮ್ಮದರು 632ರಲ್ಲಿ ಕಾಲವಾಗಿದ್ದರು. 634ರ ಜುಲೈಯಲ್ಲಿ ಅರಬರು ಪ್ಯಾಲೆಸ್ತೀನಿನ ಅಜ್ನಾದೈನ್ ಎಂಬಲ್ಲಿ ಬೈಜಾಂಟಿಯಂ ಚಕ್ರವರ್ತಿ ಹೆರಾಕ್ಲಿಯಸನ ಪಡೆಯನ್ನು ಸೋಲಿಸಿದರು. ಆಗಸ್ಟಿನಲ್ಲಿ ಮೊದಲನೆಯ ಖಲೀಫ ಅಬೂಬಕರ್ ತೀರಿಕೊಂಡು ಉಮರ್ ಆ ಸ್ಥಾನಕ್ಕೆ ಬಂದರು. 622ರ ಮದೀನಾ ವಲಸೆಯಿಂದ ವರ್ಷಗಳನ್ನು ಎಣಿಸುವ ಹಿಜರಿ ಪದ್ಧತಿಯನ್ನು ಕೆಲವು ವರ್ಷಗಳ ತರುವಾಯ ನೆಲೆಗೊಳಿಸಿದವರೂ ಇದೇ ಉಮರ್. ಆ ಲೆಕ್ಕದಂತೆ 634ರ ಮಾರ್ಚಿಯಲ್ಲಿ ತೊಡಗಿದ್ದು ಹಿಜರಿ 13. ಐಹೊಳೆಯ ಶಾಸನದ ವರ್ಷ ತೊಡಗಿದ್ದೂ ಅದೇ ತಿಂಗಳಲ್ಲಿ!

ಪರ್ಷಿಯದಲ್ಲಿ ಮೂರನೆಯ ಯಜ್ದೆಗಿರ್ದ್ 632ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಪಟ್ಟವೇರಿದ್ದನು. ಅವನೊಂದಿಗೆ ಸಸಾನಿದ್ ವಂಶ ಮುಗಿಯಿತಾದರೂ ಆ ಪಟ್ಟಾಭಿಷೇಕದಿಂದ ಎಣಿಸುವ ವರ್ಷಗಣನೆಯನ್ನು ಪಾರಸಿಗಳು ಇಂದಿಗೂ ಉಳಿಸಿಕೊಂಡಿದ್ದಾರೆ. ಚೀನದಲ್ಲಿ ತಾಂಗ್ ಚಕ್ರವರ್ತಿ ತೈತ್ಸುಂಗನು ನಡೆಸಿದ ವರ್ಷಗಣನೆಯ ಎಂಟನೆಯ ವರ್ಷ. ಟಿಬೆಟ್ಟಿನ ಅರಸ ಸಾಂಗ್‌ತ್ಸೆನ್ ಗಂಪೋ ಅವನಲ್ಲಿಗೆ ಮೊದಲ ರಾಯಭಾರವನ್ನು ಕಳುಹಿದ್ದು ಆಗಲೇ. ಹ್ಯೂಯೆನ್‌ತ್ಸಾಂಗನು ಉತ್ತರ ಭಾರತದ ವಿಹಾರಗಳಲ್ಲಿ ಅಭ್ಯಾಸ ಮಾಡುತ್ತಿದ್ದನು. ಇನ್ನು ಕ್ರಿಸ್ತಶಕದ ಗಣನೆ: ಡಯೊನೀಸಿಯಸ್ ಎಂಬ ಸಂನ್ಯಾಸಿ ಅದನ್ನು 525ರಲ್ಲಿ ಸೂಚಿಸಿದ್ದರೂ, ಇಂಗ್ಲೆಂಡಿನ ಬೀಡನ ಬರಹಗಳಿಂದ ಅದು ಹಬ್ಬಿದ್ದು ಎಂಟನೆಯ ಶತಮಾನದಲ್ಲಿ. ಅಂತೂ 634ರಲ್ಲಿ ಬದುಕಿದ್ದವರಲ್ಲಿ ತಮ್ಮ ವರ್ಷವನ್ನು 634 ಎಂದವರು ಇಲ್ಲವೆನ್ನುವಷ್ಟು ಕಡಮೆ.

ಈ ಬೇರೆಬೇರೆ ಲೆಕ್ಕಗಳ ಜನರನ್ನು ಕೂಡಿಸಿದ್ದು ಕಡಲು. ಉಮರರ ಕಾಲದಲ್ಲಿ, 636ರ ಸುಮಾರಿಗೆ, ಬಹ್ರೈನ್ ಒಮಾನ್‌ಗಳ ಅಧಿಕಾರಿಯು ಠಾಣೆಯ ಮೇಲೆ ಹಡಗುಪಡೆಯನ್ನು ಕಳುಹಿಸಿದನೆಂದೂ, ಖಲೀಫರು ಅದನ್ನು ಮೆಚ್ಚಲಿಲ್ಲವೆಂದೂ ಒಂಬತ್ತನೆಯ ಶತಮಾನದ ಅರಬ್ ಇತಿಹಾಸಕಾರ ಬಲಾಧುರಿ ಬರೆದಿದ್ದಾನೆ. ಠಾಣೆಯು ಪುಲಕೇಶಿ ಗೆದ್ದಿದ್ದ ಕೊಂಕಣದ ನೆಲ. ಅದೇ ಮಾರುತಗಳನ್ನು ನೆಚ್ಚಿ ಮುಂದೆ ವರ್ತಕರೂ ಬಂದರು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳನ್ನು ಕಂಡುದಾಗಿ ಹೇಳುವುದು ವಿದ್ಯಾಸಂಸ್ಥೆಯ ಬಳಗಕ್ಕೆ ಪ್ರಿಯವಾದ ಸಂಗತಿಯಾದೀತು.

ಐಹೊಳೆಯ ಶಾಸನವಾದ ಎಂಟು ವರ್ಷಗಳ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನವನ್ನು ಕೊರೆಯಿಸಿದನು. ಅದರಲ್ಲಿ ಶಕವರ್ಷವಿಲ್ಲ, ಅವನ ಆಳ್ವಿಕೆಯ ಹದಿಮೂರನೆಯ ವರ್ಷವೆಂದಿದೆ. ಪುಲಕೇಶಿಯ ಪತನಕ್ಕೆ ಕೊಡುವ 642 ಎಂಬ ಅಂಕೆ ಆ ಹದಿಮೂರರಿಂದ ಊಹಿಸಿ ಕಟ್ಟಿದ್ದು.