ಮಾಂಟೆರೆ: ಮಗುವನ್ನು ಎತ್ತಿಕೊಂಡೇ ನೋಡಬಹುದಾದ ತಿಮಿಂಗಿಲ

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ನಡುಭಾಗದಲ್ಲಿ ಮಾಸ್ ಲ್ಯಾಂಡಿಂಗ್ ಅನ್ನುವ ಪುಟ್ಟ ಮೀನುಗಾರಿಕೆ ಬಂದರಿದೆ. ಬಂದರಿನ ಬಾಯಿ ದಾಟಿದ ಕೂಡಲೇ ಕಡಲ ತಳ ಕುಸಿಯುತ್ತದೆ. ಅಲ್ಲಿಂದ ಶುರುವಾಗುವ ಕಮರಿ ಪಡುವಣಕ್ಕೆ ಸಾಗುತ್ತಾ ಸಾಗುತ್ತಾ 3,000 ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಇದನ್ನು ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಲಿಸುವುದು ವಾಡಿಕೆ. ಆದರೆ ನೀರಿನಡಿಯ ಈ ಕಮರಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಬೀಳುವುದು ಅದು ಕರೆತರುವ ಅತಿಥಿಗಳು ಮಾತ್ರ.

ವಸಂತ ಬಂದರೆ ಇಲ್ಲಿ ವಾಯವ್ಯದ ಗಾಳಿ ಬೀಸತೊಡಗುತ್ತದೆ. ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ. ಅದರಿಂದ ಪ್ಲವಕ, ಪ್ಲವಕ ತಿನ್ನಲು ಕ್ರಿಲ್ ಮತ್ತು ಆಂಚೊವಿ ಮೀನು, ಅವನ್ನು ತಿನ್ನಲು ತಿಮಿಂಗಿಲ. ಎಷ್ಟೋ ಕರಾವಳಿಗಳಲ್ಲಿ ಆಳ ಸಮುದ್ರ ಮುಟ್ಟುವುದಕ್ಕೇ ಅರ್ಧ ದಿನ ಬೇಕು. ಇಲ್ಲಿ ಆಳವೇ ದಡದ ಬುಡಕ್ಕೆ ಬಂದಿದೆ. ಹಾಗಾಗಿ ಮೂರು ಗಂಟೆಯಲ್ಲಿ ಹೋಗಿ ಬರಬಹುದು. ಮೂರು ಗಂಟೆ ಅಂದರೆ ಮಗುವಿನ ಎರಡು ತಿಂಡಿಯ ನಡುವಿನ ಅವಧಿ. ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಸುತ್ತಮುತ್ತ ಐಟಿ ಕೆಲಸದಲ್ಲಿರುವ ನಮ್ಮ ಎಳೆಯ ದಂಪತಿಗಳಿಗೆ ಮಾಂಟೆರೆ ಇಷ್ಟು ಹಿಡಿಸಲು ಇದೇ ಕಾರಣ ಅಂತ ನನಗನ್ನಿಸುತ್ತದೆ.

ಸ್ಯಾನ್ ಹೋಸೆಯಿಂದ ದಾರಿ ಸುಮಾರು 115 ಕಿ.ಮೀ. ಗಿಲ್‌ರಾಯ್ ಬಂದದ್ದು ಫಲಕ ಓದುವ ಮೊದಲೇ ಗೊತ್ತಾಗುತ್ತದೆ, ಕಿಟಕಿ ಇಳಿಸಿದರೆ ಬೆಳ್ಳುಳ್ಳಿ ವಾಸನೆ. ಕ್ಯಾಸ್ಟ್ರೋವಿಲ್‌ನಲ್ಲಿ ಆರ್ಟಿಚೋಕ್ ಹೊಲಗಳು, ಆಮೇಲೆ ಮರಳ ದಿಬ್ಬಗಳು, ಅವುಗಳ ಹಿಂದೆ ಕಡಲು. ತಂಗಿ, ಅವಳ ಗಂಡ, ನಾಲ್ಕು ವರ್ಷದ ಮಗಳು ಮತ್ತು ನಾನು ಹೋದದ್ದು ಏಪ್ರಿಲ್‌ನಲ್ಲಿ. ಬೆಳಗಿನ ದೋಣಿಗೇ ಟಿಕೆಟ್ ಮಾಡಿದ್ದರು. ಅದು ಒಳ್ಳೆಯದೇ, ಏಕೆಂದರೆ ಮಧ್ಯಾಹ್ನ ಗಾಳಿ ಏರುತ್ತದೆ. ಗಾಳಿ ಏರಿದರೆ ಅಲೆ ಏಳುತ್ತದೆ, ಅಲೆ ಎದ್ದರೆ ಹೊಟ್ಟೆಯೊಳಗಿನದೂ ಏಳುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ನುಂಗಿರಬೇಕು. ತಲೆ ತಿರುಗಲು ಶುರುವಾದ ಮೇಲೆ ನುಂಗಿ ಹೆಚ್ಚಿನ ಪ್ರಯೋಜನವಿಲ್ಲ. ಮಕ್ಕಳಿಗಾದರೆ ವೈದ್ಯರನ್ನು ಕೇಳಿಯೇ ಕೊಡಿ.

ಮಾಂಟೆರೆ ಊರಿನಲ್ಲಿ ದೋಣಿ ಹೊರಡುವ ಫಿಶರ್‌ಮನ್ಸ್ ವಾರ್ಫ್‌ನಲ್ಲಿ ಕಡಲಸಿಂಹಗಳ ಗದ್ದಲ ಕಿವಿಗಡಚಿಕ್ಕುತ್ತದೆ. ಪುಟ್ಟಿಗೆ ಅಲ್ಲೇ ದಿನ ಸಾರ್ಥಕವಾಗಿತ್ತು. ತಿಮಿಂಗಿಲ ಬೇಡ, ಇವನ್ನೇ ನೋಡೋಣ ಎಂದು ಹಟ ಹಿಡಿದಳು. ಎತ್ತಿಕೊಂಡು ದೋಣಿ ಹತ್ತಿಸಬೇಕಾಯಿತು.

ದೋಣಿಯಲ್ಲಿ ದಿಕ್ಕು ಹೇಳುವುದು ಗಡಿಯಾರದ ಲೆಕ್ಕದಲ್ಲಿ. ಮೂತಿ ಹನ್ನೆರಡು ಗಂಟೆ, ಬಲಮಗ್ಗುಲು ಮೂರು. ಹೊರಟು ಅರ್ಧ ಗಂಟೆ ಕಳೆದಿರಬೇಕು, ‘ಎರಡು ಗಂಟೆ!’ ಎಂದು ಧ್ವನಿವರ್ಧಕ ಕೂಗಿತು. ನೀರಿನ ಮೇಲೆ ಬಿಳಿಯ ಆವಿ ಚಿಮ್ಮಿ ಕರಗಿತು. ಹಿಂದೆಯೇ ಮಚ್ಚೆ ತುಂಬಿದ ಬೂದು ಬೆನ್ನು, ಅದರ ಪಕ್ಕಕ್ಕೆ ಒತ್ತಿಕೊಂಡು ಇನ್ನೊಂದು ಚಿಕ್ಕ ಬೆನ್ನು.

“ದೊಡ್ಡಮ್ಮ, ಅದು ಉಗುಳ್ತಾ?”

“ಇಲ್ಲ ಪುಟ್ಟಿ, ಉಸಿರು ಬಿಡ್ತು.”

ಬೂದು ತಿಮಿಂಗಿಲ ಮೂರು ನಾಲ್ಕು ಸಲ ಉಸಿರೆಳೆದು, ಬಾಲವೆತ್ತಿ ಮುಳುಗಿದರೆ ಮತ್ತೆ ಕಾಣಲು ಕೆಲವು ನಿಮಿಷ ಬೇಕು. ಮುಳುಗಿದಲ್ಲಿ ಬಾಲದ ಒತ್ತಡಕ್ಕೆ ನೀರು ಎಣ್ಣೆ ಚೆಲ್ಲಿದ ಹಾಗೆ ನುಣುಪಾಗಿ, ದುಂಡಗೆ ನಿಲ್ಲುತ್ತದೆ. ಸುತ್ತ ಕಿರುಅಲೆಗಳು ಕುಣಿಯುತ್ತಿದ್ದರೂ ಆ ವೃತ್ತ ಒಂದಷ್ಟು ಹೊತ್ತು ಅಳಿಸುವುದಿಲ್ಲ. ಮಾರ್ಗದರ್ಶಕರು ಆ ಸಾಲು ವೃತ್ತಗಳನ್ನು ನೋಡಿಯೇ ತಾಯಿ ಎತ್ತ ಹೊರಟಿದೆ ಎಂದು ಹೇಳುತ್ತಿದ್ದರು.

ಈ ತಾಯಂದಿರು ಬರುವುದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಬೆಚ್ಚನೆಯ ಹಿನ್ನೀರಿನಿಂದ. ಹೋಗುವುದು ಅಲಾಸ್ಕದಾಚೆಯ ಆರ್ಕ್ಟಿಕ್ ಮೇವಿಗೆ. ಹೋಗಿ ಬರುವ ದಾರಿ 16,000 ಕಿ.ಮೀ.ಗೂ ಮೀರುತ್ತದೆ. ದಾರಿಯಲ್ಲಿ ತಾಯಿ ತಿನ್ನುವುದು ತೀರಾ ಕಡಿಮೆ. ಮರಿಗೆ ಮಾತ್ರ ಅರ್ಧಕ್ಕೂ ಹೆಚ್ಚು ಕೊಬ್ಬಿರುವ ಹಾಲು. ಕಿಲ್ಲರ್ ವೇಲ್ ಎನ್ನುವ ಓರ್ಕಾಗಳಿಗೆ ಹೆದರಿ ದಡಕ್ಕೆ ಅಂಟಿಕೊಂಡೇ ಸಾಗುವ ಜೋಡಿಗೆ ಮಾಂಟೆರೆಯಲ್ಲಿ ಪೇಚಾಟ: ಕೊಲ್ಲಿಯ ಅಂಚು ಹಿಡಿದು ಸುತ್ತು ಬಳಸಬೇಕು, ಇಲ್ಲವೇ ಕಮರಿಯ ಮೇಲೆ ನೇರ ದಾಟಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಓರ್ಕಾಗಳು ಕಾದಿರುವುದೂ ಅಲ್ಲಿಯೇ. ಗುಂಪುಗೂಡಿ ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಮುಳುಗಿಸಲು ನೋಡುತ್ತವೆ. ತಾಯಿ ಅಡ್ಡ ನಿಲ್ಲುತ್ತದೆ, ಮರಿಯನ್ನು ಬೆನ್ನ ಮೇಲೆ ಹೊರುತ್ತದೆ, ದಡದ ಆಳವಿಲ್ಲದ ನೀರಿನತ್ತ ಓಡುತ್ತದೆ. ಈ ಸೆಣಸಾಟ ಗಂಟೆಗಟ್ಟಲೆ ನಡೆಯುವುದುಂಟು. ಅದನ್ನು ನೋಡಲೆಂದೇ ಬರುವವರಿದ್ದಾರೆ. ತಂಗಿ ಮಾತ್ರ, “ಅಕ್ಕ, ಅದೊಂದು ಕಾಣದಿದ್ರೆ ಸಾಕು” ಎಂದು ಮಗಳ ಜಾಕೆಟ್ಟಿನ ಜಿಪ್ಪು ಎಳೆದಳು. ಓರ್ಕಾ ನಮಗೆ ಕಾಣಲಿಲ್ಲ. ಅವಳ ಗಂಡನಿಗೆ ಒಳಗೊಳಗೇ ಬೇಸರವಾಗಿತ್ತೆಂದು ನನ್ನ ಗುಮಾನಿ.

ಬದಲಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಸಿಕ್ಕವು. ಆಂಚೊವಿ ಹಿಂಡಿಗೆ ಬಾಯಿ ತೆರೆದು ಕೆಳಗಿನಿಂದ ನುಗ್ಗುವಾಗ ಗಂಟಲಿನ ಮಡಿಕೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಅಕ್ಕಪಕ್ಕದಲ್ಲಿ ಕಡಲಸಿಂಹಗಳ ಪಾಲುಗಾರಿಕೆ, ಮೇಲೆ ಹಕ್ಕಿಗಳ ಕಿರುಚಾಟ. ದೋಣಿ ನೂರು ಗಜ ದೂರದಲ್ಲೇ ನಿಂತಿತ್ತು. ಗಾಳಿ ನಮ್ಮ ಕಡೆ ತಿರುಗಿದಾಗ ಅವುಗಳ ಉಸಿರು ಮೂಗಿಗೆ ಬಡಿಯಿತು. ಕೊಳೆತ ಮೀನಿನ ವಾಸನೆ! ಸಾಕ್ಷ್ಯಚಿತ್ರಗಳು ಇದನ್ನು ಹೇಳುವುದೇ ಇಲ್ಲ. ಪುಟ್ಟಿ ಮೂಗು ಮುಚ್ಚಿಕೊಂಡು ನಕ್ಕಳು, ಆಮೇಲೆ ಬಿಸ್ಕತ್ತು ಕೇಳಿದಳು, ಅಪ್ಪನ ಹೆಗಲಿನ ಮೇಲೆ ನಿದ್ದೆಹೋದಳು.

ದಡಕ್ಕೆ ಬಂದ ಮೇಲೆ ಕಾರು ಹತ್ತುವ ಮೊದಲು ಹಳೆಯ ವೇಲಿಂಗ್ ಸ್ಟೇಷನ್ ಕಟ್ಟಡದ ಮುಂದೆ ಐದು ನಿಮಿಷ ನಿಲ್ಲಿ. ಅದರ ಕಾಲುದಾರಿಗೆ ಹಾಸಿರುವುದು ಕಲ್ಲಲ್ಲ, ತಿಮಿಂಗಿಲದ ಬೆನ್ನುಮೂಳೆಯ ತುಂಡುಗಳು. 1850ರ ದಶಕದಲ್ಲಿ ಇಲ್ಲಿ ಬೇಟೆಯ ಕಂಪನಿಗಳು ಹುಟ್ಟಿಕೊಂಡವು. ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಿಂದ ಬಂದ ಬೇಟೆಗಾರರು ದಡದಿಂದಲೇ ದೋಣಿ ಇಳಿಸಿ ತಿಮಿಂಗಿಲ ಕೊಂದು ಎಣ್ಣೆ ಕಾಯಿಸುತ್ತಿದ್ದರು. ಆಮೇಲೆ ಊರು ಬದುಕಿದ್ದು ಸಾರ್ಡೀನ್ ಮೇಲೆ, ನಮ್ಮ ಬೂತಾಯಿಯ ದೂರದ ನೆಂಟ. ಜಾನ್ ಸ್ಟೈನ್‌ಬೆಕ್ 1945ರಲ್ಲಿ ಕಾದಂಬರಿಯಾಗಿಸಿದ ‘ಕ್ಯಾನರಿ ರೋ’ ಆ ಮೀನು ಡಬ್ಬಿ ಕಾರ್ಖಾನೆಗಳ ಬೀದಿ. ಮೀನು ಮುಗಿಯಿತು, ಕಾರ್ಖಾನೆಗಳು ಮುಚ್ಚಿದವು, ಒಂದರ ಜಾಗದಲ್ಲಿ 1984ರಲ್ಲಿ ಮಾಂಟೆರೆ ಬೇ ಅಕ್ವೇರಿಯಂ ತೆರೆಯಿತು. 1992ರಲ್ಲಿ ಕೊಲ್ಲಿ ರಾಷ್ಟ್ರೀಯ ಕಡಲ ಅಭಯಾರಣ್ಯವಾಯಿತು.

ಹಾಗೆಂದು ಎಲ್ಲವೂ ನೆಟ್ಟಗಾಗಿದೆ ಎನ್ನಲಾಗದು. ಅಮೆರಿಕ 1994ರಲ್ಲಿ ಈ ಬೂದು ತಿಮಿಂಗಿಲಗಳನ್ನು ಅಳಿವಿನಂಚಿನ ಪಟ್ಟಿಯಿಂದ ಕೈಬಿಟ್ಟಿತು. 2016ರಲ್ಲಿ ಸುಮಾರು 27,000 ಇದ್ದವು, 2023ರ ಹೊತ್ತಿಗೆ 14,500ರ ಆಸುಪಾಸಿಗೆ ಇಳಿದವು. ಆರ್ಕ್ಟಿಕ್ ಬಿಸಿಯೇರಿ ತಳದ ಮೇವು ಕುಗ್ಗಿರುವುದು ಮುಖ್ಯ ಕಾರಣವೆಂದು ವಿಜ್ಞಾನಿಗಳ ಅಂದಾಜು.

ಹೋಗುವವರಿಗೆ ಒಂದೆರಡು ಮಾತು. ಬೂದು ತಿಮಿಂಗಿಲಕ್ಕೆ ಡಿಸೆಂಬರ್‌ನಿಂದ ಏಪ್ರಿಲ್, ಹಂಪ್‌ಬ್ಯಾಕ್‌ಗೆ ಏಪ್ರಿಲ್‌ನಿಂದ ನವೆಂಬರ್, ನೀಲಿ ತಿಮಿಂಗಿಲದ ಆಸೆ ಇದ್ದರೆ ಜುಲೈ ನಂತರ. ಬೇಸಿಗೆಯೆಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ, ಮಂಜು ಕವಿದರೆ ಜುಲೈನಲ್ಲೂ ನಡುಕ. ಮಗುವಿನ ತಳ್ಳುಗಾಡಿ ಕಾರಿನಲ್ಲೇ ಇರಲಿ. ವಾರ್ಫ್‌ನ ಹೆಸರಾಂತ ಕ್ಲ್ಯಾಮ್ ಚೌಡರ್‌ನಲ್ಲಿರುವುದು ಮರುವಾಯಿಯಂಥ ಚಿಪ್ಪುಜೀವಿ. ಸಸ್ಯಾಹಾರಿಗಳು ಪುಳಿಯೋಗರೆ ಡಬ್ಬಿ ಒಯ್ಯುವುದು ಕ್ಷೇಮ. ಊರಿಂದ ಬಂದ ಅಜ್ಜಿ, ತಾತನಿಗೆ ದೋಣಿ ಆಗದು ಎಂದರೆ ಜನವರಿಯಲ್ಲಿ ಪಾಯಿಂಟ್ ಪಿನೋಸ್‌ಗೋ ಪಾಯಿಂಟ್ ಲೋಬೋಸ್‌ಗೋ ಕರೆದುಕೊಂಡು ಹೋಗಿ. ದಕ್ಷಿಣಕ್ಕೆ ಹೊರಟ ತಿಮಿಂಗಿಲಗಳ ಉಸಿರು ದಡದಿಂದಲೇ ಕಾಣುತ್ತದೆ. ಬೈನಾಕ್ಯುಲರ್ ಮರೆಯದಿದ್ದರಾಯಿತು.