ಹಿಮಾಂಗಣದ ಸನ್ಯಾಸಿ

ಅಣ್ಣ ಬಾಬಿಯು ಬಾಸ್ಟನ್ ಬ್ರೂಯಿನ್ಸ್ ತಂಡದಲ್ಲಿ ಆಡಿ ನಾಡೆಲ್ಲ ಹೆಸರಾಗಿದ್ದ ಮನೆಯಲ್ಲಿ, 1924ರಲ್ಲಿ ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ಜನಿಸಿ, ತಾನೂ 1944ರಲ್ಲಿ ಓಶಾವಾ ಜನರಲ್ಸ್ ತಂಡದೊಡನೆ ಕಿರಿಯರ ಐಸ್ ಹಾಕಿಯ ಪರಮೋಚ್ಚ ಪುರಸ್ಕಾರವಾದ ಮೆಮೋರಿಯಲ್ ಕಪ್ಪನ್ನು ಗೆದ್ದ ತರುಣನೊಬ್ಬನು, ಹಣವೂ ಕೀರ್ತಿಯೂ ಕಾದಿದ್ದ ಹಾದಿಯನ್ನು ತೊರೆದು ಕ್ಯಾಥೊಲಿಕ್ ಪಾದ್ರಿಗಳ ಬೆಸಿಲಿಯನ್ ಪಂಥದ ದೀಕ್ಷೆಯನ್ನು ಸ್ವೀಕರಿಸಿದನೆಂದರೆ, ಆಟಕ್ಕೆ ಅಲ್ಲಿಗೇ ತಿಲಾಂಜಲಿಯಿತ್ತನೆಂದು ಯಾರಾದರೂ ಊಹಿಸಬಹುದಾಗಿದ್ದಿತು. ಫಾದರ್ ಡೇವಿಡ್ ಬಾವರ್ ಅವರ ಬಾಳಿನಲ್ಲಿ ಹಾಗಾಗಲಿಲ್ಲ. ಟೊರಾಂಟೊ ನಗರದ ಸೇಂಟ್ ಮೈಕೆಲ್ಸ್ ವಿದ್ಯಾಸಂಸ್ಥೆಯ ಹುಡುಗರಿಗೆ ಅವರು ಆಟವನ್ನು ಕಲಿಸಿದರು. 1961ರಲ್ಲಿ ಆ ಹುಡುಗರು ಅದೇ ಕಪ್ಪನ್ನು ಗೆದ್ದರು. ಪಂದ್ಯಗಳ ಭಾರದಿಂದ ವಿದ್ಯಾಭ್ಯಾಸವು ಸೊರಗುತ್ತಿರುವುದನ್ನು ಕಂಡ ಸಂಸ್ಥೆಯು, ಗೆದ್ದ ವರ್ಷವೇ ತನ್ನ ತಂಡವು ಆಡುತ್ತಿದ್ದ ಲೀಗಿನಿಂದ ಹಿಂದೆಗೆಯಿತು.

ಆಟವೂ ಓದೂ ಒಂದನ್ನೊಂದು ನುಂಗದೆ ಜೊತೆಯಾಗಿ ಬೆಳೆಯಲಾರವೇ ಎಂಬ ಪ್ರಶ್ನೆಗೆ ಬಾವರರು ಕೊಟ್ಟ ಉತ್ತರವೇ ಕೆನಡಾದ ರಾಷ್ಟ್ರೀಯ ತಂಡ. ಅದುವರೆಗೆ ವಿಶ್ವಸ್ಪರ್ಧೆಗಳಿಗೆ ಯಾವುದಾದರೊಂದು ಊರಿನ ಹವ್ಯಾಸಿ ಸಂಘವನ್ನು ಕಳುಹಿಸುವುದು ಆ ದೇಶದ ರೂಢಿ. ಎದುರಿಗಿದ್ದ ಸೋವಿಯತ್ ಆಟಗಾರರಾದರೋ, ಹೆಸರಿಗೆ ಹವ್ಯಾಸಿಗಳಾಗಿ, ಸೈನ್ಯದ ಆಶ್ರಯದಲ್ಲಿ ವರ್ಷವಿಡೀ ಅಭ್ಯಾಸ ನಡೆಸುತ್ತಿದ್ದವರು. 1963ರಲ್ಲಿ ಬಾವರರು ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿ, ಒಂದೇ ಸೂರಿನಡಿ ಇರಿಸಿ, ಪಾಠಕ್ಕೂ ಪಂದ್ಯಕ್ಕೂ ಸಮನಾಗಿ ಅಣಿಗೊಳಿಸಿದರು.

1964ರ ಇನ್ಸ್‌ಬ್ರುಕ್ ಒಲಿಂಪಿಕ್ಸಿನಲ್ಲಿ ಸ್ವೀಡನ್ನಿನ ಕಾರ್ಲ್ ಓಬರಿಯ ಮುರಿದ ಹಾಕಿಕೋಲು ಬಡಿದು ಬಾವರರ ಹಣೆಯೊಡೆದು ರಕ್ತವಿಳಿದಾಗ, ಸೇಡಿಗೆ ಸಿಡಿದೆದ್ದ ಶಿಷ್ಯರನ್ನು ಅವರು ಅಲ್ಲಿಯೇ ತಡೆದರು. ಪಂದ್ಯವನ್ನು ಕೆನಡಾ 3–1ರಿಂದ ಗೆದ್ದಿತು. ಮರುದಿನ ಅದೇ ಓಬರಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಬಾವರರು ಇನ್ನೊಂದು ಪಂದ್ಯವನ್ನು ನೋಡಿದರು. ಕಡೆಯ ಪಂದ್ಯದಲ್ಲಿ ಸೋವಿಯತ್ ತಂಡಕ್ಕೆ 3–2ರಿಂದ ಸೋತು, ಸ್ವೀಡನ್ ಮತ್ತು ಚೆಕೊಸ್ಲೊವಾಕಿಯಾಗಳೊಡನೆ ಅಂಕಗಳಲ್ಲಿ ಸಮನಾಗಿದ್ದರೂ, ಗೋಲುಗಳ ಅಂತರದ ಲೆಕ್ಕದಲ್ಲಿ ಹಿಂದೆಬಿದ್ದು, ಅವರ ತಂಡವು ನಾಲ್ಕನೆಯ ಸ್ಥಾನದೊಡನೆ ಬರಿಗೈಯಲ್ಲಿ ಮರಳಿತು. 1968ರಲ್ಲಿ ಗ್ರೆನೋಬಲಿನಲ್ಲಿ ಕಂಚು ಲಭಿಸಿತು. 1970ರಲ್ಲಿ, ವೃತ್ತಿಪರರಿಗೆ ಅವಕಾಶವಿಲ್ಲದ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಕೆನಡಾ ದೂರ ಸರಿಯಿತು; ತಂಡವೂ ಚದುರಿತು.

ಹೆಸರಿಗಷ್ಟೇ ಹವ್ಯಾಸಿಗಳಾದವರೊಡನೆ ನಿಜವಾದ ಹವ್ಯಾಸಿಗಳನ್ನು ಸೆಣಸಲು ಬಿಟ್ಟದ್ದು ವ್ಯವಹಾರಜ್ಞರ ದೃಷ್ಟಿಯಲ್ಲಿ ಅವಿವೇಕವೇ ಸರಿ. ಆ ಆಕ್ಷೇಪವನ್ನು ಪದಕಗಳ ಪಟ್ಟಿಯು ಸಮರ್ಥಿಸುತ್ತದೆ. ಆದರೆ ಗುರುವಾದವನ ಲೆಕ್ಕವು ಪಂದ್ಯದ ಗಂಟೆಯೊಡನೆ ಮುಗಿಯುವಂಥದಲ್ಲ. ಅವರ ತಂಡದ ಬ್ರಯನ್ ಕೊನಾಕರ್ ಮುಂದೆ ಟೊರಾಂಟೊ ತಂಡದೊಡನೆ ವೃತ್ತಿಪರ ಹಾಕಿಯ 1967ರ ಸ್ಟಾನ್ಲಿ ಕಪ್ಪನ್ನು ಗೆದ್ದರು. ರೋಜರ್ ಬೋರ್ಬೊನೆ ವಕೀಲರಾದರು. ಟೆರಿ ಒಮಾಲಿ ಅಧ್ಯಾಪಕರಾದರು. 1988ರಲ್ಲಿ ಬಾವರರು ತೀರಿಕೊಂಡ ಮರುವರ್ಷ ಹಾಕಿಯ ಕೀರ್ತಿಮಂದಿರವು ಅವರನ್ನು ತನ್ನ ಸಾಲಿಗೆ ಸೇರಿಸಿಕೊಂಡಿತು. ಆಟಗಾರರಿಗೆ ಆಟದಾಚೆಗೂ ಒಂದು ಬಾಳುಂಟೆಂಬುದನ್ನು ಮರೆಯದೆ ಕಲಿಸಿದವರಿಗೆ ಸಂದ ಆ ಗೌರವವು ತಡವಾಗಿಯಾದರೂ ಉಚಿತವೇ ಆಯಿತು.